ದೊಡ್ಡವರ ಕೂಡು-ಕಳೆ: ನಿಧಾನಕ್ಕೂ ಒಬ್ಬ ಜೊತೆಗಾರ ಬೇಕು

ನಮ್ಮ ಮನೆಗಳಲ್ಲಿ ಒಂದು ಮಾತು ಬಲು ಸಲೀಸಾಗಿ ಕೇಳಿಬರುತ್ತದೆ: “ನನಗೆ ಲೆಕ್ಕ ಮಾತ್ರ ತಲೆಗೆ ಹತ್ತುವುದಿಲ್ಲ ಮಾರಾಯ್ರೆ!” ಹೇಳುವವರು ನಗುತ್ತಲೇ ಹೇಳುತ್ತಾರೆ, ಕೇಳುವವರೂ ನಗುತ್ತಾರೆ. “ನನಗೆ ಓದಲು ಬಾರದು” ಎಂದು ನಗುತ್ತಾ ಹೇಳುವವರನ್ನು ನಾವು ಕಂಡದ್ದಿಲ್ಲ. ಓದು ಬಾರದಿರುವುದು ನಾಚಿಕೆಯ ಸಂಗತಿ, ಲೆಕ್ಕ ಬಾರದಿರುವುದು ಹಣೆಬರಹ ಎಂದು ನಾವೆಲ್ಲ ಎಂದೋ ತೀರ್ಮಾನ ಮಾಡಿಕೊಂಡಂತಿದೆ. ಆದರೆ ಈ ನಗು ಎಲ್ಲ ಕಡೆಯೂ ನಡೆಯುವುದಿಲ್ಲ. ಬ್ಯಾಂಕಿನಲ್ಲಿ ಬಡ್ಡಿಯ ಲೆಕ್ಕ ಹೇಳುವಾಗ, ಅಡಿಕೆಯ ತೂಕದ ಚೀಟಿ ಕೈಗೆ ಬಂದಾಗ, ಅಥವಾ ಐದನೆಯ ತರಗತಿಯ ಮಗಳು ಭಿನ್ನರಾಶಿಯ ಪುಸ್ತಕ ಹಿಡಿದು ಎದುರು ಕುಳಿತಾಗ ಅದು ತಾನಾಗಿ ಮಾಯವಾಗುತ್ತದೆ. ಮಗಳನ್ನು “ಟ್ಯೂಷನಿನಲ್ಲಿ ಕೇಳು” ಎಂದು ಎಬ್ಬಿಸಿ ಕಳುಹಿಸುವ ತಾಯಿಯ ಮನಸ್ಸಿನಲ್ಲಿ ಏನಾಗುತ್ತದೆಂಬುದನ್ನು ಯಾರೂ ವಿಚಾರಿಸುವುದಿಲ್ಲ.

ದೊಡ್ಡವರಾದ ಮೇಲೆ ಮತ್ತೆ ಕೂಡು-ಕಳೆಯಿಂದ ಆರಂಭಿಸಲು ಸಾಧ್ಯವೆ? ಆರಂಭಿಸಿದರೆ ಯಾವ ರೀತಿಯಲ್ಲಿ ಕಲಿಯಬೇಕು? ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶ ಅಮೇರಿಕ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದಲ್ಲಿ ಕಾಲೇಜಿಗೆ ಬಂದ ಪ್ರೌಢರು ಭಾಗಾಕಾರವನ್ನೂ ಶೇಕಡಾ ಲೆಕ್ಕವನ್ನೂ ಕಲಿಯುತ್ತ ಕುಳಿತಿದ್ದರೆಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಅವರ ಅನುಭವದಲ್ಲಿ ಗೆಲುವೂ ಇದೆ, ಸೋಲೂ ಇದೆ. ಎರಡರಲ್ಲೂ ನಮಗೆ ಪಾಠವಿದೆಯೆಂದು ತೋರಿದ್ದರಿಂದ ಈ ಲೇಖನ.

ತೆರೆದ ಬಾಗಿಲಿನ ಕಾಲೇಜು

ಅಮೇರಿಕದ ಇಲಿನಾಯ್ ರಾಜ್ಯದಲ್ಲಿ ಜೋಲಿಯೆಟ್ ಎಂಬ ಊರಿದೆ. 1901ರಲ್ಲಿ ಅಲ್ಲಿನ ಹೈಸ್ಕೂಲಿನ ಆಶ್ರಯದಲ್ಲಿ ಆರು ಮಂದಿ ವಿದ್ಯಾರ್ಥಿಗಳೊಂದಿಗೆ ಒಂದು ಕಿರಿಯ ಕಾಲೇಜು ಆರಂಭವಾಯಿತು. ಚಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಮತ್ತು ಜೋಲಿಯೆಟ್‌ನ ಶಿಕ್ಷಣಾಧಿಕಾರಿ ಜೆ. ಸ್ಟ್ಯಾನ್ಲಿ ಬ್ರೌನ್ ಇದರ ರೂವಾರಿಗಳು. ಊರು ಬಿಟ್ಟು ದೂರದ ವಿಶ್ವವಿದ್ಯಾನಿಲಯಕ್ಕೆ ಹೋಗಲಾರದವರು ಮೊದಲ ಎರಡು ವರ್ಷದ ಪಾಠವನ್ನು ಊರಿನಲ್ಲೇ ಮುಗಿಸಲಿ ಎಂಬುದು ಇದರ ಉದ್ದೇಶ. ಎರಡನೆಯ ಮಹಾಯುದ್ಧದ ಬಳಿಕ, 1947ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗವು ಇಂಥ ಕಾಲೇಜುಗಳು ದೇಶದ ಉದ್ದಗಲಕ್ಕೂ ಬೇಕೆಂದು ವರದಿ ಮಾಡಿತು. ‘ಸಮುದಾಯ ಕಾಲೇಜು’ ಎಂಬ ಹೆಸರು ಬಳಕೆಗೆ ಬಂದದ್ದು ಮುಖ್ಯವಾಗಿ ಆ ಬಳಿಕ. ಇಂದು ಅಲ್ಲಿ ಇಂಥವು ಸುಮಾರು ಒಂದು ಸಾವಿರ ಇವೆ.

ಈ ಕಾಲೇಜುಗಳ ವೈಶಿಷ್ಟ್ಯವೆಂದರೆ ಅವುಗಳ ತೆರೆದ ಬಾಗಿಲು. ಅಂಕ ಎಷ್ಟು, ವಯಸ್ಸು ಎಷ್ಟು ಎಂದು ಕೇಳಿ ಯಾರನ್ನೂ ಹಿಂದಕ್ಕೆ ಕಳುಹಿಸುವ ಪದ್ಧತಿ ಅಲ್ಲಿಲ್ಲ. ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಬರುವವರು, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ತಾಯಂದಿರು, ಕಾರ್ಖಾನೆ ಮುಚ್ಚಿದ್ದರಿಂದ ಬೇರೆ ಕಸುಬು ಹುಡುಕುವವರು, ಬೇರೆ ದೇಶಗಳಿಂದ ಬಂದು ನೆಲೆಸಿ ಇಂಗ್ಲಿಷನ್ನೂ ಜೊತೆಜೊತೆಗೇ ಕಲಿಯುತ್ತಿರುವವರು, ಎಲ್ಲರಿಗೂ ಅಲ್ಲಿ ಜಾಗವಿದೆ.

ಬಾಗಿಲೇನೋ ತೆರೆದಿತ್ತು. ಆದರೆ ಒಳಗೆ ಹೋದೊಡನೆ ಒಂದು ಮೆಟ್ಟಿಲು ಸಾಲು ಎದುರಾಗುತ್ತಿತ್ತು.

ಮೆಟ್ಟಿಲು ಹತ್ತದೆ ಉಳಿದವರು

ಹೊಸದಾಗಿ ಸೇರಿದವರಿಗೆ ಲೆಕ್ಕದಲ್ಲಿ ಒಂದು ಸಣ್ಣ ಪರೀಕ್ಷೆ. ಅದರಲ್ಲಿ ಬಂದ ಅಂಕಕ್ಕೆ ಅನುಸಾರವಾಗಿ ಯಾರು ಯಾವ ತರಗತಿ ಎಂಬ ನಿರ್ಣಯ. ತೀರ ಕೆಳಗಿನದು ಅಂಕಗಣಿತ: ಪೂರ್ಣಸಂಖ್ಯೆ, ಭಿನ್ನರಾಶಿ, ದಶಮಾಂಶ, ಪ್ರಮಾಣ, ಶೇಕಡಾ. ಅದರ ಮೇಲೆ ಬೀಜಗಣಿತದ ಪೂರ್ವಪಾಠ, ಅದರ ಮೇಲೆ ಆರಂಭದ ಬೀಜಗಣಿತ, ಮತ್ತೆ ಮಧ್ಯಮ ಬೀಜಗಣಿತ. ಇಷ್ಟನ್ನೂ ದಾಟಿದ ಮೇಲಷ್ಟೆ ಪದವಿಯ ಲೆಕ್ಕಕ್ಕೆ ಸೇರುವ ಗಣಿತ. ಕೆಳಗಿನ ಮೆಟ್ಟಿಲುಗಳಿಗೂ ಶುಲ್ಕ ತೆರಬೇಕು, ಆದರೆ ಪದವಿಗೆ ಅವು ಲೆಕ್ಕಕ್ಕಿಲ್ಲ. ತೀರ ಕೆಳಗೆ ನಿಂತವನು ನರ್ಸಿಂಗ್ ಕಲಿಯಬೇಕೆಂದು ಬಂದಿದ್ದರೂ ಮೊದಲ ಎರಡು ವರ್ಷ ಮೆಟ್ಟಿಲು ಹತ್ತುವುದರಲ್ಲೇ ಕಳೆಯಬೇಕಾದೀತು.

ಇದರ ಫಲವೇನಾಯಿತು? ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರಾದ ಬೈಲಿ, ಜಿಯಾಂಗ್ ಮತ್ತು ಚೋ ಎಂಬವರು 57 ಕಾಲೇಜುಗಳ ಎರಡೂವರೆ ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳ ದಾಖಲೆ ಪರಿಶೀಲಿಸಿ 2010ರಲ್ಲಿ ಒಂದು ವರದಿ ಪ್ರಕಟಿಸಿದರು. ಲೆಕ್ಕದಲ್ಲಿ ಹೀಗೆ ಕೆಳಗಿನ ಮೆಟ್ಟಿಲಿಗೆ ಕಳುಹಿಸಲ್ಪಟ್ಟವರಲ್ಲಿ ಎಲ್ಲ ಮೆಟ್ಟಿಲುಗಳನ್ನೂ ಹತ್ತಿ ಮುಗಿಸಿದವರು ನೂರಕ್ಕೆ ಸುಮಾರು 33 ಮಂದಿ. ಮೂರು ಅಥವಾ ಹೆಚ್ಚು ಮೆಟ್ಟಿಲು ಕೆಳಗಿದ್ದವರಲ್ಲಿ ಈ ಸಂಖ್ಯೆ ಇನ್ನೂ ಬಹಳ ಕಡಿಮೆ.

ಈ ಅಂಕೆಗಿಂತಲೂ ನಮ್ಮ ಗಮನ ಸೆಳೆಯುವುದು ಅದೇ ವರದಿಯ ಇನ್ನೊಂದು ಅಂಶ. ಪರೀಕ್ಷೆಯಲ್ಲಿ ನಪಾಸಾಗಿಯೋ ನಡುವೆ ಬಿಟ್ಟೋ ಹೋದವರಿಗಿಂತ, ಮೊದಲ ಅಥವಾ ಮುಂದಿನ ತರಗತಿಗೆ ಹೆಸರನ್ನೇ ನೋಂದಾಯಿಸದೆ ಉಳಿದವರು ಹೆಚ್ಚು! ಅಂದರೆ ಸೋತವರಿಗಿಂತ ಹೆಚ್ಚು ಮಂದಿ ಆಟಕ್ಕೇ ಇಳಿದಿರಲಿಲ್ಲ. ನಲ್ವತ್ತರ ಪ್ರಾಯದ ಒಬ್ಬಾಕೆಯನ್ನು ಊಹಿಸಿಕೊಳ್ಳೋಣ. ಎಷ್ಟೋ ಧೈರ್ಯ ಮಾಡಿ ಕಾಲೇಜಿನ ಬಾಗಿಲು ದಾಟಿದ್ದಾಳೆ. ಅರ್ಧ ಗಂಟೆಯ ಪರೀಕ್ಷೆಯ ಕೊನೆಗೆ, “ನೀವು ನಾಲ್ಕನೆಯ ತರಗತಿಯ ಪಾಠದಿಂದ ಶುರುಮಾಡಬೇಕು” ಎಂಬ ಅರ್ಥದ ಚೀಟಿ ಕೈಗೆ ಬರುತ್ತದೆ. ಆಕೆ ಮರುದಿನ ಬಾರದಿದ್ದರೆ ಅದನ್ನು ಸೋಮಾರಿತನ ಎನ್ನಲಾದೀತೆ?

ತನ್ನ ವೇಗದಲ್ಲಿ ತಾನು

ಇಂಥ ಮುಜುಗರಕ್ಕೆ ಮದ್ದೆಂದು ಬಂದದ್ದು ‘ಸ್ವಂತ ವೇಗದ’ ಪಾಠಕ್ರಮ. ನೆರೆಯವನು ಹತ್ತು ಲೆಕ್ಕ ಮುಗಿಸಿದನೆಂದು ನೀವು ಓಡಬೇಕಾಗಿಲ್ಲ, ನೀವು ಮೂರರಲ್ಲೇ ನಿಂತಿದ್ದೀರೆಂದು ಅವನಿಗೆ ತಿಳಿಯುವುದೂ ಇಲ್ಲ. ಪಾಠವನ್ನು ಸಣ್ಣ ಸಣ್ಣ ಘಟಕಗಳಾಗಿ ವಿಭಾಗಿಸಿದ್ದಾರೆ. ಒಂದನ್ನು ಕಲಿತು ಅದರ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಮುಂದಿನದು. ತೇರ್ಗಡೆಯಾಗದಿದ್ದರೆ ದಂಡವಿಲ್ಲ, ಮತ್ತೆ ಓದಿ ಮತ್ತೆ ಬರೆಯಬಹುದು.

ಈ ಕ್ರಮಕ್ಕೆ ಕಾಲೇಜು ಮಟ್ಟದಲ್ಲಿ ಹೆಸರು ತಂದವರು ಮನೋವಿಜ್ಞಾನಿ ಫ್ರೆಡ್ ಕೆಲ್ಲರ್. 1960ರ ದಶಕದಲ್ಲಿ ಬ್ರೆಜಿಲ್ ದೇಶದ ಹೊಸ ರಾಜಧಾನಿಯ ವಿಶ್ವವಿದ್ಯಾನಿಲಯಕ್ಕಾಗಿ ಸಂಗಡಿಗರೊಂದಿಗೆ ಅವರು ಇದನ್ನು ರೂಪಿಸಿ, ಬಳಿಕ ಅಮೇರಿಕದ ಅರಿಜೋನಾದಲ್ಲೂ ನಡೆಸಿದರು. 1968ರಲ್ಲಿ ಅವರು ಬರೆದ ಲೇಖನದ ಶೀರ್ಷಿಕೆಯೇ ‘ಮೇಷ್ಟ್ರೇ, ಹೋಗಿ ಬನ್ನಿ’ ಎಂಬರ್ಥದ್ದು. ಆದರೆ ಶೀರ್ಷಿಕೆ ನೋಡಿ ಮೋಸಹೋಗಬಾರದು. ಕೆಲ್ಲರ್ ಪದ್ಧತಿಯಲ್ಲಿ ಉಪನ್ಯಾಸ ಮಾಡುವ ಮೇಷ್ಟ್ರು ಹಿಂದೆ ಸರಿದರೂ ಮನುಷ್ಯ ಮಾತ್ರ ಹೊರಟುಹೋಗಿರಲಿಲ್ಲ. ಅದೇ ಪಾಠವನ್ನು ಚೆನ್ನಾಗಿ ಕಲಿತು ಮುಗಿಸಿದ ಹಿರಿಯ ವಿದ್ಯಾರ್ಥಿಯೊಬ್ಬ ಪ್ರತಿ ಪರೀಕ್ಷೆಯ ಬಳಿಕ ಕಿರಿಯನ ಪಕ್ಕದಲ್ಲಿ ಕುಳಿತು ಉತ್ತರಗಳನ್ನು ನೋಡಿ, “ಇದನ್ನು ಹೀಗೇಕೆ ಬರೆದೆ?” ಎಂದು ಕೇಳುತ್ತಿದ್ದ. ಸರಿಯಾದ ಉತ್ತರವನ್ನು ತಪ್ಪು ಮಾತಿನಲ್ಲಿ ಬರೆದಿದ್ದರೆ ಸಮರ್ಥಿಸಿಕೊಳ್ಳಲು ಅಲ್ಲಿ ಅವಕಾಶವಿತ್ತು.

ಕಲಿತವನು ಕಲಿಯುವವನಿಗೆ ಹೇಳಿಕೊಡುವ ಈ ಉಪಾಯ ನಮಗೆ ಹೊಸದೇನೂ ಅಲ್ಲ. ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ಅದನ್ನೇ ತನ್ನ ಶಾಲೆಯಲ್ಲಿ ಬಳಸಿ, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನಿನಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ ಮೇಲೆ ಅದು ‘ಮದರಾಸು ಪದ್ಧತಿ’ ಎಂದೇ ಇಂಗ್ಲೆಂಡಿನಲ್ಲಿ ಹೆಸರಾಯಿತು. ನಮ್ಮ ಐಗಳ ಮಠದ ಜಗಲಿಯಲ್ಲಿ ಹಿರಿಯ ಹುಡುಗ ಮಗ್ಗಿ ಹೇಳಿಸುತ್ತಿದ್ದುದನ್ನು ನೆನೆಯುವ ಅಜ್ಜಂದಿರಿಗೆ ಇದು ಅರ್ಥವಾದೀತು.

ಕೆಂಪು ಲೋಟ

ಕಂಪ್ಯೂಟರ್ ಬಂದ ಮೇಲೆ ಸ್ವಂತ ವೇಗದ ಪಾಠಕ್ಕೆ ಹೊಸ ರೂಪ ಬಂತು. 1997ರಲ್ಲಿ ವರ್ಜೀನಿಯಾದ ತಾಂತ್ರಿಕ ವಿಶ್ವವಿದ್ಯಾನಿಲಯವೊಂದು ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರಿನ ಜಾಗದಲ್ಲಿ ನೂರಾರು ಕಂಪ್ಯೂಟರ್‌ಗಳನ್ನಿರಿಸಿ ಗಣಿತಕ್ಕಾಗಿಯೇ ಒಂದು ವಿಶಾಲ ಕೋಣೆ ತೆರೆಯಿತು. ವಿದ್ಯಾರ್ಥಿ ತನಗೆ ಬೇಕಾದಾಗ ಬರುತ್ತಾನೆ, ಪರದೆಯ ಮೇಲಿನ ಪಾಠ ನೋಡುತ್ತಾನೆ, ಲೆಕ್ಕ ಮಾಡುತ್ತಾನೆ. ಉತ್ತರ ಸರಿಯೋ ತಪ್ಪೋ ಯಂತ್ರ ಕೂಡಲೇ ಹೇಳುತ್ತದೆ. ಸಂಶಯ ಬಂದರೆ ಕಂಪ್ಯೂಟರ್ ಮೇಲೆ ಒಂದು ಕೆಂಪು ಪ್ಲಾಸ್ಟಿಕ್ ಲೋಟ ಇಟ್ಟರಾಯಿತು. ಸುತ್ತಾಡುತ್ತಿರುವ ಸಹಾಯಕರು ಅದನ್ನು ಕಂಡು ಹತ್ತಿರ ಬರುತ್ತಾರೆ. ಈ ಮಾದರಿಯನ್ನು ಮುಂದೆ ಅನೇಕ ಸಮುದಾಯ ಕಾಲೇಜುಗಳು ಅಂಕಗಣಿತದ ಕೆಳಗಿನ ಮೆಟ್ಟಿಲುಗಳಿಗೂ ಅಳವಡಿಸಿಕೊಂಡವು.

ಇದರಿಂದ ಕೆಲವರಿಗೆ ಉಪಕಾರವಾದದ್ದು ನಿಜ. ಭಿನ್ನರಾಶಿ ಗೊತ್ತಿದ್ದು ಶೇಕಡಾ ಮಾತ್ರ ಮರೆತವನು ಮೊದಲಿನದನ್ನು ಎರಡು ದಿನದಲ್ಲಿ ದಾಟಿ ಎರಡನೆಯದಕ್ಕೆ ಒಂದು ತಿಂಗಳು ಕೊಡಬಹುದು. ಮಗುವಿಗೆ ಜ್ವರ ಬಂದು ವಾರ ತಪ್ಪಿದ ತಾಯಿ ಬಿಟ್ಟಲ್ಲಿಂದ ಮುಂದುವರಿಸಬಹುದು. ತಪ್ಪು ಮಾಡಿದಾಗ ಮೂವತ್ತು ಜನರ ಎದುರು ತಲೆ ತಗ್ಗಿಸಬೇಕಾಗಿಲ್ಲ. ಲೆಕ್ಕದ ಭಯವೆಂಬುದು ಅರ್ಧಕ್ಕರ್ಧ ಜನರ ಭಯವೇ ಆಗಿರುವುದರಿಂದ ಇದು ಸಣ್ಣ ಲಾಭವಲ್ಲ.

ಆದರೆ ಎರಡು ಕುಂದುಗಳೂ ಕಾಣಿಸಿಕೊಂಡವು. ಮೊದಲನೆಯದು ಎಲ್ಲರಿಗೂ ಗೊತ್ತಿರುವ ‘ನಾಳೆ’. ಸ್ವಂತ ವೇಗವೆಂದರೆ ಹಲವರಿಗೆ ವೇಗವೇ ಇಲ್ಲವೆಂದಾಯಿತು. ಕೆಲ್ಲರ್ ಪದ್ಧತಿಯ ಕಾಲದಿಂದಲೂ ಈ ದೂರು ಇದ್ದೇ ಇದೆ. ಎರಡನೆಯದು ಇದಕ್ಕಿಂತ ಆಳವಾದದ್ದು. ಕೆಂಪು ಲೋಟ ಇಡುವವನಿಗೆ ತಾನು ಸಿಕ್ಕಿಬಿದ್ದಿದ್ದೇನೆಂದು ಗೊತ್ತಿರಬೇಕಷ್ಟೆ? ತಪ್ಪನ್ನೇ ಸರಿಯೆಂದು ನಂಬಿದವನು ಲೋಟ ಇಡುವುದೇ ಇಲ್ಲ.

ಬೆನ್ನಿ ಎಂಬ ಹುಡುಗ

ಇದಕ್ಕೆ ಒಂದು ಪ್ರಸಿದ್ಧ ದೃಷ್ಟಾಂತವಿದೆ. ಇದು ಕಾಲೇಜಿನದಲ್ಲ, ಶಾಲೆಯದು. ಆದರೂ ಸ್ವಂತ ವೇಗದ ಅಂಕಗಣಿತದ ಬಗ್ಗೆ ಮಾತಾಡುವಾಗ ಇದನ್ನು ಬಿಡುವಂತಿಲ್ಲ. 1973ರಲ್ಲಿ ಸ್ಟಾನ್ಲಿ ಎರ್ಲ್‌ವಾಂಗರ್ ಎಂಬ ಸಂಶೋಧಕರು ಅಮೇರಿಕದ ಆರನೆಯ ತರಗತಿಯ ಹನ್ನೆರಡು ವರ್ಷದ ಬಾಲಕನೊಬ್ಬನ ವಿಷಯ ಬರೆದರು. ಅವನಿಗೆ ಬೆನ್ನಿ ಎಂದು ಹೆಸರಿಟ್ಟರು. ಅವನು ಎರಡನೆಯ ತರಗತಿಯಿಂದಲೂ ತನ್ನಷ್ಟಕ್ಕೆ ತಾನೇ ಹಾಳೆ ತುಂಬಿಸಿ, ಉತ್ತರಪಟ್ಟಿ ನೋಡಿ ಮುಂದೆ ಸಾಗುವ ಪಾಠಕ್ರಮದಲ್ಲಿ ಲೆಕ್ಕ ಕಲಿಯುತ್ತಿದ್ದ. ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತಿದ್ದ. ಅಧ್ಯಾಪಿಕೆಯ ದೃಷ್ಟಿಯಲ್ಲಿ ಲೆಕ್ಕದಲ್ಲಿ ಚುರುಕಾದ ಹುಡುಗರಲ್ಲಿ ಅವನೂ ಒಬ್ಬ.

ಎರ್ಲ್‌ವಾಂಗರ್ ಪಕ್ಕದಲ್ಲಿ ಕುಳಿತು ಮಾತನಾಡಿಸಿದಾಗ ಹೊರಬಂದ ಸಂಗತಿಯೇ ಬೇರೆ. 2/10 ಎಂಬುದನ್ನು ದಶಮಾಂಶದಲ್ಲಿ ಬರೆ ಎಂದರೆ ಬೆನ್ನಿ 1.2 ಎಂದು ಬರೆದ. ಹೇಗೆ? ಎರಡೂ ಹತ್ತೂ ಹನ್ನೆರಡು, ನಡುವೆ ಒಂದು ಚುಕ್ಕೆ! ಹಾಗೆಯೇ 4/11 ಎಂದರೆ 1.5. ತಿರುವಿ ಬರೆದ 11/4 ಎಂದರೂ 1.5. ಎರಡೂ ಒಂದೇ ಎಂಬುದರಲ್ಲಿ ಅವನಿಗೆ ವಿರೋಧ ಕಾಣಲಿಲ್ಲ. 0.3ಕ್ಕೆ 0.4 ಕೂಡಿಸಿದರೆ ಅವನ ಪ್ರಕಾರ 0.07. ಚುಕ್ಕೆಯ ಬಲಕ್ಕೆ ಒಂದೊಂದು ಅಂಕೆ ಇರುವ ಎರಡು ಸಂಖ್ಯೆಗಳಾದ್ದರಿಂದ ಉತ್ತರದಲ್ಲಿ ಎರಡು ಸ್ಥಾನ ಇರಬೇಕೆಂದು ಅವನ ಲೆಕ್ಕಾಚಾರ. ನಮ್ಮ ಪೇಟೆಯ ಭಾಷೆಯಲ್ಲಿ ಹೇಳುವುದಾದರೆ 30 ಪೈಸೆಗೆ 40 ಪೈಸೆ ಸೇರಿಸಿದರೆ 7 ಪೈಸೆ! ಯಾವ ಜೀನಸಿನ ಅಂಗಡಿಯವನು ಒಪ್ಪಿಯಾನು?

ಬೆನ್ನಿ ದಡ್ಡನಲ್ಲ. ಅವನು ಯೋಚಿಸಿಯೇ ನಿಯಮ ಕಟ್ಟಿಕೊಂಡಿದ್ದ. ಉತ್ತರಪಟ್ಟಿಯೊಂದಿಗೆ ತನ್ನ ಉತ್ತರ ಹೊಂದದಿದ್ದಾಗ, ಪಟ್ಟಿಗೆ ಒಂದೇ ರೂಪದ ಉತ್ತರ ಗೊತ್ತು, ತನ್ನದೂ ಬೇರೆ ರೂಪದಲ್ಲಿ ಸರಿಯೇ ಇರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಲೆಕ್ಕವೆಂದರೆ ಯಾರೋ ಎಂದೋ ಮಾಡಿಟ್ಟ ನೂರಾರು ನಿಯಮಗಳ ಮೂಟೆ ಎಂಬುದು ಅವನ ನಂಬಿಕೆ. ನಾಲ್ಕು ವರ್ಷಗಳಲ್ಲಿ ಅವನು ತುಂಬಿಸಿದ ಹಾಳೆಗಳಿಗೆ ಲೆಕ್ಕವಿಲ್ಲ. “ಇದು ಹೇಗೆ ಬಂತು ಮಗೂ?” ಎಂಬ ಪ್ರಶ್ನೆ ಮಾತ್ರ ಅವನ ಮುಂದೆ ಬಂದಿರಲಿಲ್ಲ.

ನಾಲ್ಕಾಣೆಯ ಸಾಕ್ಷಿ

ಬೆಳೆದವರಲ್ಲಿಯೂ ಪರಿಸ್ಥಿತಿ ಇದೇ. 2010ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕ ಜೇಮ್ಸ್ ಸ್ಟಿಗ್ಲರ್ ಮತ್ತು ಸಂಗಡಿಗರು ಸಮುದಾಯ ಕಾಲೇಜಿನ ಕೆಳಗಿನ ಮೆಟ್ಟಿಲಿನ ವಿದ್ಯಾರ್ಥಿಗಳಿಗೆ ಒಂದು ಸರಳ ಪ್ರಶ್ನೆ ಕೇಳಿದರು. ‘ಅ’ ಎಂಬುದು ಸೊನ್ನೆಗಿಂತ ದೊಡ್ಡ ಯಾವುದೋ ಒಂದು ಸಂಖ್ಯೆಯಾದರೆ, ಅ/5 ದೊಡ್ಡದೋ ಅ/8 ದೊಡ್ಡದೋ? ಸರಿಯುತ್ತರ ಕೊಟ್ಟವರು ಅರ್ಧಕ್ಕಿಂತ ತುಸು ಹೆಚ್ಚು. ಕಣ್ಣು ಮುಚ್ಚಿ ಹೇಳಿದರೂ ಅರ್ಧದಷ್ಟು ಸರಿಯಾಗುವ ಪ್ರಶ್ನೆಯಿದು! ಒಂದೇ ಹಲಸಿನ ಹಣ್ಣನ್ನು ಐದು ಮನೆಗೆ ಹಂಚಿದರೆ ಪಾಲು ದೊಡ್ಡದೋ, ಎಂಟು ಮನೆಗೆ ಹಂಚಿದರೆ ದೊಡ್ಡದೋ ಎಂದು ಕೇಳಿದ್ದರೆ ಅವರಲ್ಲಿ ಯಾರಾದರೂ ತಪ್ಪುತ್ತಿದ್ದರೆ? ತಲೆಯಲ್ಲಿ ಬುದ್ಧಿ ಇದೆ, ಕಾಗದದ ಮೇಲೆ ನಿಯಮ ಇದೆ, ನಡುವೆ ಸೇತುವೆಯಿಲ್ಲ.

ನಮ್ಮವರಲ್ಲಿ ಆ ಸೇತುವೆಗೆ ಬೇಕಾದ ಮರಮಟ್ಟು ಸಾಕಷ್ಟಿದೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವ ಮೊದಲು ರೂಪಾಯಿಗೆ ಹದಿನಾರಾಣೆ. ಕಾಲು ರೂಪಾಯಿ ಎಂದರೆ ನಾಲ್ಕಾಣೆ, ಅದರರ್ಧ ಎರಡಾಣೆ, ಒಂದಾಣೆಯೆಂದರೆ ಹದಿನಾರರಲ್ಲಿ ಒಂದು ಪಾಲು, ನಮ್ಮ ಹಿರಿಯರ ‘ವೀಸ’. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಅಕ್ಕಿ, ಅಂದರೆ 42 ಸೇರು ಎಂಬುದು ಶಾಲೆಯ ಮೆಟ್ಟಿಲು ತುಳಿಯದ ಅಜ್ಜಿಗೂ ಬಾಯಿಪಾಠ. ಇಂದಿಗೂ ಬೀಡಿ ಕಟ್ಟುವ ತಾಯಿ 25ರ ಕಟ್ಟು 40 ಆದರೆ ಸಾವಿರವೆಂದು ಎಣಿಸಲು ಪೆನ್ಸಿಲು ಹುಡುಕುವುದಿಲ್ಲ.

ಈಗ 1/4ಕ್ಕೆ 1/8 ಕೂಡಿಸಿ ಎಂಬ ಲೆಕ್ಕ ಬಂತೆನ್ನಿ. ಹೊಸಬರು ಸಾಮಾನ್ಯವಾಗಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/12 ಎಂದು ಬರೆದುಬಿಡುತ್ತಾರೆ. ತಪ್ಪೆಂದು ಕೆಂಪು ಗೀರು ಎಳೆದರೆ ಅವರಿಗೆ ಅರ್ಥವಾಗುವುದು ತಾವು ದಡ್ಡರೆಂದು ಮಾತ್ರ. ಅದಕ್ಕೆ ಬದಲಾಗಿ ಹೀಗೆ ಕೇಳಿ ನೋಡಿ: “ಕೈಯಲ್ಲಿ ನಾಲ್ಕಾಣೆ ಇತ್ತು. ಅದಕ್ಕೆ ಎರಡಾಣೆ ಸೇರಿಸಿದಿರಿ. ಎಷ್ಟಾಯಿತು?” ಆರಾಣೆ. ಹದಿನಾರರಲ್ಲಿ ಆರು, ಅಂದರೆ ಎಂಟರಲ್ಲಿ ಮೂರು. “ನೀವು ಬರೆದ 2/12 ಎಂದರೆ ಆರರಲ್ಲಿ ಒಂದು. ಅದು ಕಾಲಿಗಿಂತಲೂ ಕಡಿಮೆಯಲ್ಲವೆ? ನಾಲ್ಕಾಣೆಗೆ ಎರಡಾಣೆ ಸೇರಿಸಿದ ಮೇಲೆ ನಾಲ್ಕಾಣೆಗಿಂತ ಕಮ್ಮಿಯಾಯಿತೆ?” ಇಲ್ಲಿ ತಪ್ಪನ್ನು ಕಂಡುಹಿಡಿದವರು ಮೇಷ್ಟ್ರಲ್ಲ, ಕಲಿಯುವವರೇ. ಛೇದಗಳನ್ನು ಸಮಮಾಡಬೇಕೆಂಬ ನಿಯಮ ಇನ್ನು ಅವರ ಪಾಲಿಗೆ ಯಾರದೋ ಕಟ್ಟಳೆಯಲ್ಲ, ಕಾಲು ಅರೆಕಾಲುಗಳನ್ನು ಆಣೆಗೆ ಮುರಿಸುವ ಹಳೆಯ ಅಭ್ಯಾಸವೇ. ಆಣೆ ನೋಡದವರಿಗೆ ಪೈಸೆಯೋ ತೆಂಗಿನಕಾಯಿಯ ಹೋಳೋ ಆದೀತು.

ಮೆಟ್ಟಿಲುಗಳನ್ನೇ ತೆಗೆದರೆ?

ಅಮೇರಿಕದಲ್ಲಿ ಇತ್ತೀಚೆಗೆ ಗಾಳಿ ಬೇರೆ ದಿಕ್ಕಿಗೆ ತಿರುಗಿದೆ. ಮೆಟ್ಟಿಲು ಹತ್ತಿಸಿ ದಣಿಸುವ ಬದಲು ನೇರವಾಗಿ ಮೇಲಿನ ತರಗತಿಗೆ ಸೇರಿಸಿ, ಬೇಕಾದ ಸಹಾಯವನ್ನು ಪಕ್ಕದಲ್ಲೇ ಕೊಟ್ಟರಾಗದೆ ಎಂಬ ವಾದ ಬಲಗೊಂಡಿತು. ನ್ಯೂಯಾರ್ಕ್ ನಗರದ ಮೂರು ಸಮುದಾಯ ಕಾಲೇಜುಗಳಲ್ಲಿ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರಂಭದ ಬೀಜಗಣಿತ ಕಲಿಯಬೇಕೆಂದು ನಿರ್ಣಯಿಸಲ್ಪಟ್ಟವರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ನೇರವಾಗಿ ಕಾಲೇಜಿನ ಸಂಖ್ಯಾಶಾಸ್ತ್ರಕ್ಕೆ ಸೇರಿಸಿ, ಜೊತೆಗೆ ವಾರವಾರವೂ ಸಹಾಯದ ಪಾಠ ಕೊಟ್ಟಾಗ, ಮೆಟ್ಟಿಲಲ್ಲಿ ಉಳಿದವರಿಗಿಂತ ನೂರಕ್ಕೆ 16ರಷ್ಟು ಹೆಚ್ಚು ಮಂದಿ ತಮ್ಮ ತರಗತಿಯಲ್ಲಿ ತೇರ್ಗಡೆಯಾದರು. ಕ್ಯಾಲಿಫೋರ್ನಿಯಾ ರಾಜ್ಯ 2017ರಲ್ಲೂ 2022ರಲ್ಲೂ ಕಾನೂನು ಮಾಡಿ, ಪದವಿಗೆ ಬಂದವರನ್ನು ಕೆಳಗಿನ ಮೆಟ್ಟಿಲಿಗೆ ತಳ್ಳುವ ಪದ್ಧತಿಯನ್ನು ಬಹುಮಟ್ಟಿಗೆ ನಿಲ್ಲಿಸಿತು.

ಇದು ಹೆಚ್ಚಿನವರಿಗೆ ಒಳ್ಳೆಯದೇ ಇರಬಹುದು. ಆದರೆ ನಿಜಕ್ಕೂ ಭಾಗಾಕಾರವೇ ಬಾರದ ಐವತ್ತರ ವ್ಯಕ್ತಿಗೆ ಸಂಖ್ಯಾಶಾಸ್ತ್ರದ ಬೆಂಚು ತೋರಿಸಿದರೆ ಸಾಲದು. ಅವನಿಗೆ ಅಂಕಗಣಿತದ ಪಾಠ ಎಲ್ಲಾದರೂ ಒಂದು ಕಡೆ ಉಳಿದಿರಬೇಕು, ಅದೂ ಅವಮಾನವಿಲ್ಲದೆ. ಮೆಟ್ಟಿಲಿನ ದೋಷ ಅದು ಅಂಕಗಣಿತ ಕಲಿಸಿತೆಂಬುದಲ್ಲ. ಜೊತೆಗಾರನಿಲ್ಲದೆ ಕಲಿಸಿತು, ಕಲಿಯುವವನನ್ನು ಕಾಯಿಸಿತು, ನಾಚಿಸಿತು ಎಂಬುದೇ ದೋಷ. ನ್ಯೂಯಾರ್ಕಿನಲ್ಲಿ ಗೆಲುವು ತಂದದ್ದರಲ್ಲೂ ವಾರವಾರ ಪಕ್ಕದಲ್ಲಿ ಕುಳಿತವರ ಪಾಲು ಇಲ್ಲದಿಲ್ಲ.

ನಮ್ಮ ಅಂಗಳಕ್ಕೆ ಬಂದರೆ

ಕಡಲಾಚೆಯ ಮಾತು ಸಾಕು. ಬೆಳೆದವರು ಮತ್ತೆ ಲೆಕ್ಕ ಕಲಿಯುವ ಬಾಗಿಲು ನಮ್ಮಲ್ಲೂ ತೆರೆದಿದೆ. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿತವಾದ ಬಳಿಕ, ಸಾಕ್ಷರತಾ ಮಿಷನ್ ನಾಲ್ಕು, ಏಳು, ಹತ್ತು ಮತ್ತು ಹನ್ನೆರಡನೆಯ ತರಗತಿಗಳಿಗೆ ಸಮನಾದ ‘ತುಲ್ಯತಾ’ ಪಾಠಗಳನ್ನು ನಡೆಸುತ್ತ ಬಂದಿದೆ.

ಕೊಲ್ಲಂ ಜಿಲ್ಲೆಯ ಭಾಗೀರಥಿ ಅಮ್ಮನ ಹೆಸರನ್ನು ಈ ಸಂದರ್ಭದಲ್ಲಿ ಸ್ಮರಿಸದಿರಲಾಗದು. ತಾಯಿ ತೀರಿಕೊಂಡಾಗ ತಮ್ಮ ತಂಗಿಯರನ್ನು ನೋಡಿಕೊಳ್ಳಲೆಂದು ಎಳವೆಯಲ್ಲೇ ಶಾಲೆ ಬಿಟ್ಟವರು ಅವರು. 2019ರಲ್ಲಿ, 105ನೆಯ ವಯಸ್ಸಿನಲ್ಲಿ, ನಾಲ್ಕನೆಯ ತರಗತಿಯ ತತ್ಸಮಾನ ಪರೀಕ್ಷೆಗೆ ಕುಳಿತರು. ಬರೆಯಲು ಕೈ ಸೋಲುತ್ತಿದ್ದುದರಿಂದ ಮೂರು ಪ್ರಶ್ನೆಪತ್ರಿಕೆಗಳಿಗೆ ಮೂರು ದಿನ ಹಿಡಿಯಿತು. ಒಟ್ಟು 275ರಲ್ಲಿ ಅವರಿಗೆ ದೊರೆತದ್ದು 205. ಲೆಕ್ಕದಲ್ಲಿ ಮಾತ್ರ 75ಕ್ಕೆ 75! ಸ್ವಂತ ವೇಗ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಅವರು 2021ರ ಜುಲೈಯಲ್ಲಿ ತೀರಿಕೊಂಡರು. “ಈ ಪ್ರಾಯದಲ್ಲಿ ಇನ್ನೇನು ಲೆಕ್ಕ” ಎನ್ನುವವರ ಮಾತಿಗೆ ಅವರ ಅಂಕಪಟ್ಟಿಯೇ ಉತ್ತರ.

ಕನ್ನಡದ ಮನೆಗಳಿಗೆ ಇದರಲ್ಲಿ ಒಂದು ವಿಶೇಷ ಪ್ರಶ್ನೆಯಿದೆ. ‘ಹೇಗೆ ಬಂತು?’ ಎಂದು ಕೇಳಿದರೆ ಹೇಳುವವನು ಯಾವ ಭಾಷೆಯಲ್ಲಿ ಹೇಳಬೇಕು? ಮನುಷ್ಯ ಎಣಿಸುವುದು ಸಾಮಾನ್ಯವಾಗಿ ಮೊದಲು ಕಲಿತ ಭಾಷೆಯಲ್ಲೇ. ಹತ್ತಾರು ವರ್ಷ ಪರಊರಿನಲ್ಲಿದ್ದವನೂ ನೋಟು ಎಣಿಸುವಾಗ ತುಟಿಯಲ್ಲಿ ಊರ ಭಾಷೆ ಬರುತ್ತದೆ. ಅದೃಷ್ಟಕ್ಕೆ ನಿತ್ಯದ ಮಾತಿನಲ್ಲಿ ನಾವು ನೆರೆಹೊರೆಯವರೇ. ನಮ್ಮ ಕಾಲು, ಅರೆ, ಮುಕ್ಕಾಲು ಮಲಯಾಳದಲ್ಲೂ ಕಾಲ್, ಅರ, ಮುಕ್ಕಾಲ್. ಪೇಟೆಯಲ್ಲಿ ಯಾರಿಗೂ ತೊಡಕಿಲ್ಲ. ತೊಡಕು ಬರುವುದು ಪುಸ್ತಕ ತೆರೆದಾಗ. ನಾವು ಭಾಗಿಸುವುದನ್ನು ಅಲ್ಲಿ ‘ಹರಿಕ್ಕುಗ’ ಎನ್ನುತ್ತಾರೆ, ನಮ್ಮ ಕಿವಿಗೆ ಅದು ಕಾಗದ ಹರಿದಂತೆ ಕೇಳುತ್ತದೆ. ನಮ್ಮ ಲ.ಸಾ.ಅ. ಅಲ್ಲಿ ಲ.ಸಾ.ಗು. ಆಗುತ್ತದೆ. ಲೆಕ್ಕ ಗೊತ್ತಿದ್ದೂ ಪದ ತಿಳಿಯದೆ ಸುಮ್ಮನಾದ ತಾಯಿ ತನಗೆ ಲೆಕ್ಕವೇ ಬಾರದೆಂದು ತಿಳಿದು ಎದ್ದುಹೋಗುತ್ತಾಳೆ. ಅಮೇರಿಕದ ಕಾಲೇಜುಗಳಲ್ಲಿ ಸ್ಪಾನಿಷ್ ಮನೆಮಾತಿನವರಿಗೂ ಆಗುವುದು ಇದೇ. ಆದುದರಿಂದ ತುಲ್ಯತಾ ತರಗತಿಗಳಲ್ಲಿ ಕನ್ನಡದ ಪುಸ್ತಕ ಕೇಳುವಾಗ ಜೊತೆಗೆ ಕನ್ನಡ ಬಲ್ಲ ಪ್ರೇರಕರನ್ನೂ ನಾವು ಕೇಳಬೇಕು. ಪುಸ್ತಕ ಉತ್ತರ ಹೇಳೀತು, ಪ್ರಶ್ನೆ ಕೇಳಲಾರದು.

ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ಕೂರುವುದೂ ಸಲ್ಲ. ನಿವೃತ್ತ ಅಧ್ಯಾಪಕರಿಲ್ಲದ ಊರು ನಮ್ಮಲ್ಲಿಲ್ಲ. ವಾಚನಾಲಯವೂ ಭಜನಾಮಂದಿರದ ಜಗಲಿಯೂ ಇಲ್ಲದ ಗ್ರಾಮವೂ ಅಪರೂಪ. ವಾರಕ್ಕೆ ಎರಡು ಸಂಜೆ ಅಲ್ಲಿ ನಾಲ್ಕು ಜನ ಕುಳಿತರೆ, ಅವರವರ ವೇಗದಲ್ಲಿ ಅವರವರು ಲೆಕ್ಕ ಮಾಡಿದರೆ, ಕಲಿತವರು ಕಲಿಯುವವರ ಪಕ್ಕಕ್ಕೆ ಸರಿದರೆ, ಕೆಲ್ಲರ್ ಪದ್ಧತಿಯ ಮುಕ್ಕಾಲು ಪಾಲು ಅಲ್ಲೇ ಆಯಿತು. ಇಂದಿನ ಮೊಬೈಲಿನಲ್ಲಿ ಲೆಕ್ಕ ಕಲಿಸುವ ಪಾಠಗಳು ಬೇಕಾದಷ್ಟಿವೆ, ಅವೂ ಬರಲಿ. ಆದರೆ ‘ಸರಿ’ ಎಂದು ಯಂತ್ರ ಹಸಿರು ದೀಪ ತೋರಿಸಿದಾಗಲೂ “ಹೇಗೆ ಬಂತು?” ಎಂದು ಕೇಳುವ ಒಬ್ಬರು ಹತ್ತಿರ ಇರಲಿ. ತಪ್ಪು ಉತ್ತರಕ್ಕೆ ಕೇಳಿದಷ್ಟೇ ಪ್ರೀತಿಯಿಂದ ಸರಿಯುತ್ತರಕ್ಕೂ ಅದನ್ನು ಕೇಳಬೇಕು. ಬೆನ್ನಿಯ ಕತೆ ಕಲಿಸುವುದು ಇದನ್ನೇ.

ಇಂದು ರಾತ್ರಿಯೇ ಆರಂಭಿಸಬಹುದಾದ ಒಂದು ಸಣ್ಣ ಕೆಲಸವಿದೆ. ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದಾಗ ಟ್ಯೂಷನಿಗೆ ಕಳುಹಿಸುವ ಮೊದಲು, “ನನಗೂ ಗೊತ್ತಿಲ್ಲ, ನೀನು ಮಾಡಿದ್ದು ಹೇಗೆಂದು ನನಗೆ ಹೇಳು” ಎಂದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿ. ಅವಳು ಹೇಳುತ್ತ ಹೇಳುತ್ತ ತನ್ನ ತಪ್ಪನ್ನು ತಾನೇ ಕಂಡಾಳು. ಕೇಳುತ್ತ ಕೇಳುತ್ತ ತಾಯಿಗೂ ಬಿಟ್ಟುಹೋದ ಪಾಠ ಸ್ವಲ್ಪ ಸ್ವಲ್ಪವಾಗಿ ಮರಳಿ ಬಂದೀತು. ಅವಸರವೇನೂ ಇಲ್ಲ. ಭಾಗೀರಥಿ ಅಮ್ಮನಿಗೆ ಮೂರು ದಿನ ಬೇಕಾಯಿತು.